‘ಘಟಶ್ರಾದ್ಧ’ವನ್ನು ಮನೆಮಂದಿಯೊಡನೆ ನೋಡಬಹುದೆ?

ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ‘ಬೆಳ್ಳಿಮೋಡ’ ಎಂದರೆ, ‘ಬಂಗಾರದ ಮನುಷ್ಯ’ ಎಂದರೆ ನಮ್ಮ ಜನ ಮುಖವರಳಿಸಿ ಕುರ್ಚಿ ಎಳೆದುಕೊಳ್ಳುತ್ತಾರೆ. ‘ಘಟಶ್ರಾದ್ಧ’ ಎಂದು ನೋಡಿ, ಅದೂ ದೀಪ ಹಚ್ಚುವ ಹೊತ್ತಿನಲ್ಲಿ! ಮನೆಯ ಹಿರಿಯರು ‘ಬಿಡ್ತು ಅನ್ನು’ ಎಂದು ಗದರದೆ ಇರುವುದಿಲ್ಲ. ಹೀಗಾಗಿ, 1977ರ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದುಕೊಟ್ಟ ಈ ಚಿತ್ರವನ್ನು ಹೊಗಳುವವರು ನಮ್ಮಲ್ಲಿ ಬಹಳ ಮಂದಿ, ಕೊನೆಯವರೆಗೆ ಕುಳಿತು ನೋಡಿದವರು ಕೆಲವೇ ಮಂದಿ.

2024ರಲ್ಲಿ ಈ ಚಿತ್ರಕ್ಕೆ ಮರುಜನ್ಮ ಬಂದಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ಡಿನ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯವರು ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ, ಪುಣೆಯ ಚಿತ್ರಭಂಡಾರದಲ್ಲಿದ್ದ ಮೂಲ ನೆಗೆಟಿವ್‌ನಿಂದ ಹೊಸ ಪ್ರತಿಯನ್ನು ಸಿದ್ಧಪಡಿಸಿದವು. ಇಟಲಿಯ ಬೊಲೋನ್ಯಾದಲ್ಲಿ ಕೆಲಸ ನಡೆಯಿತು. ಆ ವರ್ಷದ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಅದು ತೆರೆ ಕಂಡಿತು. ಸುದ್ದಿ ದಿಲ್ಲಿಗೂ ಬಂದಿತು. ಇಲ್ಲಿಯ ಕನ್ನಡ ಬಳಗಗಳಲ್ಲಿ ‘ನಾವೂ ಒಮ್ಮೆ ತೋರಿಸಬಾರದೇಕೆ’ ಎಂಬ ಮಾತು ಎದ್ದಿತು. ಎದ್ದಷ್ಟೇ ಬೇಗ ಕುಳಿತೂ ಬಿಟ್ಟಿತು. ಹಿರಿಯರೊಬ್ಬರು, ‘ಉತ್ತರದವರ ಮುಂದೆ ನಮ್ಮ ಮನೆಯ ಹೊಲಸನ್ನು ಯಾಕೆ ತೊಳೆಯಬೇಕು?’ ಎಂದರು. ನಮ್ಮ ಓರಗೆಯ ಇನ್ನೊಬ್ಬರು, ‘ಇದೆಲ್ಲ ಮುಗಿದುಹೋದ ಕಥೆ, ಈಗ ಯಾರು ತಲೆ ಬೋಳಿಸುತ್ತಾರೆ?’ ಎಂದರು. ಒಬ್ಬ ಮಹಿಳೆ ಮಾತ್ರ ‘ಚಿತ್ರ ಎಷ್ಟು ಹೊತ್ತಿನದು?’ ಎಂದು ಕೇಳಿದರು. ನಮಗೆ ಬಹಳ ಸರಿಯಾಗಿ ಕಂಡ ಪ್ರಶ್ನೆ ಅದೇ.

ಚಿತ್ರವನ್ನು ನಾವು ಇತ್ತೀಚೆಗೆ ಮತ್ತೊಮ್ಮೆ ನೋಡಿದೆವು, ಈ ಸಲ ಮನೆಮಂದಿಯೊಡನೆ. ಮೇಲಿನ ಎರಡು ಆಕ್ಷೇಪಗಳೂ ಚಿತ್ರದ ಹತ್ತಿರ ಸುಳಿಯದೆ ಆಡಿದ ಮಾತುಗಳೆಂದು ನಮಗೆ ತೋರಿತು. ಯಾಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಥೆ ಯು. ಆರ್. ಅನಂತಮೂರ್ತಿಯವರದು. ನಿರ್ದೇಶಕ ಗಿರೀಶ್ ಕಾಸರವಳ್ಳಿ. ಇಬ್ಬರೂ ತೀರ್ಥಹಳ್ಳಿ ಸೀಮೆಯವರು. ಕಾಸರವಳ್ಳಿಯವರು ಔಷಧ ಶಾಸ್ತ್ರ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ‘ಚೋಮನ ದುಡಿ’ಯಲ್ಲಿ ಬಿ. ವಿ. ಕಾರಂತರಿಗೆ ಸಹಾಯಕರಾಗಿದ್ದವರು. ‘ಘಟಶ್ರಾದ್ಧ’ ಅವರ ಮೊದಲ ಕಥಾಚಿತ್ರ. ಆಗ ಅವರಿಗೆ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಕಾರಂತರದು. ನಿರ್ಮಾಪಕರು ಯಾರೆಂಬುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು: ಸದಾನಂದ ಸುವರ್ಣ. ಅವರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಬೆಳೆದವರು, ಅಂದರೆ ನಮ್ಮ ಹಾಗೆಯೇ ಹೊರನಾಡ ಕನ್ನಡಿಗರು. ಹೊರನಾಡ ಕನ್ನಡಿಗರು ರಾಜ್ಯೋತ್ಸವಕ್ಕೆ ಬಿಸಿಬೇಳೆ ಭಾತು ಬಡಿಸುವುದರ ಆಚೆಗೂ ಏನಾದರೂ ಮಾಡಬಲ್ಲರು ಎಂಬುದಕ್ಕೆ ಸಾಕ್ಷಿ ಬೇಕಾದವರು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ. ಅವರು ತೀರಿಕೊಂಡದ್ದು 2024ರ ಜುಲೈಯಲ್ಲಿ. ವೆನಿಸ್ ಪ್ರದರ್ಶನಕ್ಕೆ ಕೆಲವೇ ವಾರ ಬಾಕಿಯಿತ್ತು.

ಕಥೆ ಗೊತ್ತಿಲ್ಲದವರಿಗೆ ಸಂಕ್ಷೇಪವಾಗಿ ಹೇಳುವುದಾದರೆ, ಮಲೆನಾಡಿನ ಒಂದು ಅಗ್ರಹಾರದಲ್ಲಿ ಶೇಷಗಿರಿ ಉಡುಪರ ವೇದಪಾಠಶಾಲೆ. ನಾಣಿ ಎಂಬ ಸಣ್ಣ ಹುಡುಗನನ್ನು ತಂದೆ ಅಲ್ಲಿ ತಂದು ಬಿಡುತ್ತಾನೆ. ಊರು ಹೊಸದು, ಮನೆಯ ನೆನಪು ಬೇರೆ, ಜೊತೆಗೆ ದೊಡ್ಡ ಹುಡುಗರ ಕಿರುಕುಳ. ಅವನನ್ನು ಹತ್ತಿರ ಕರೆದುಕೊಳ್ಳುವವಳು ಉಡುಪರ ಮಗಳು ಯಮುನಾ, ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಂದೆಯ ಮನೆಯಲ್ಲಿರುವ ಸಕೇಶಿ ವಿಧವೆ. ಊರಿನ ಶಾಲಾ ಮಾಸ್ತರನಿಂದ ಆಕೆ ಬಸುರಾಗಿದ್ದಾಳೆ. ಉಡುಪರು ಊರಿನಲ್ಲಿಲ್ಲದ ದಿನಗಳಲ್ಲಿ ಗುಟ್ಟು ಜಗಲಿಯಿಂದ ಜಗಲಿಗೆ ದಾಟುತ್ತದೆ. ಹುತ್ತದೊಳಗೆ ಕೈಯಿಟ್ಟು ಸಾಯಲು ಹೋಗುತ್ತಾಳೆ, ಸಾವೂ ಒಲಿಯುವುದಿಲ್ಲ. ಒಂದು ರಾತ್ರಿ ಗರ್ಭ ತೆಗೆಸುತ್ತಾರೆ. ಮಾಸ್ತರ ಕಾಣೆಯಾಗುತ್ತಾನೆ. ಹಿಂತಿರುಗಿದ ತಂದೆ, ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡುತ್ತಾರೆ. ನಾಣಿಯನ್ನು ಅವನ ತಂದೆ ಬಂದು ಕರೆದೊಯ್ಯುತ್ತಾನೆ. ದಾರಿಯಲ್ಲಿ, ಮರದ ಕೆಳಗೆ, ತಲೆ ಬೋಳಿಸಿದ ಯಮುನಾ ಕುಳಿತಿದ್ದಾಳೆ.

ಇಷ್ಟು ಕೇಳಿದರೆ ಕಣ್ಣೀರು ಹರಿಸುವ ಸಾಮಾಜಿಕ ಚಿತ್ರದ ಕಥೆಯೆಂದೇ ಅನ್ನಿಸುತ್ತದೆ. ಆದರೆ ಕಾಸರವಳ್ಳಿಯವರು ಇದನ್ನು ಯಮುನೆಯ ಕಥೆಯಾಗಿ ಹೇಳದೆ, ನಾಣಿ ಕಂಡ ಸಂಗತಿಯಾಗಿ ಹೇಳುತ್ತಾರೆ. ಕ್ಯಾಮೆರಾ ಬಹುಪಾಲು ಹುಡುಗನ ಎತ್ತರದಲ್ಲಿದೆ. ಬಾಗಿಲ ಸಂದಿ, ಕಂಬದ ಮರೆ, ಅಡಿಗೆಮನೆಯ ಮಬ್ಬು, ಇವುಗಳ ನಡುವಿನಿಂದ ಅವನು ನೋಡುತ್ತಾನೆ. ದೊಡ್ಡವರು ಆಡುವ ಅರ್ಧ ಮಾತು ಅವನ ಕಿವಿಗೆ ಬೀಳುತ್ತದೆ, ಉಳಿದರ್ಧವನ್ನು ಅವರು ಕಣ್ಣಿನಲ್ಲೇ ಮುಗಿಸಿಬಿಡುತ್ತಾರೆ. ನಾಣಿಗೆ ಕಂಡದ್ದು ಬಹಳ, ತಿಳಿದದ್ದು ಕಡಿಮೆ. ಕುರ್ಚಿಯಲ್ಲಿ ಕುಳಿತ ನಮಗೆ ಕಂಡದ್ದು ಕಡಿಮೆ, ತಿಳಿದದ್ದು ಬಹಳ. ಈ ಎರಡರ ನಡುವಿನ ಅಂತರದಲ್ಲಿ ಚಿತ್ರದ ಜೀವವಿದೆ. ‘ಯಮುನಕ್ಕ ಯಾಕೆ ಅಳುತ್ತಾಳೆ’ ಎಂಬುದು ಅವನಿಗೆ ಒಗಟು. ಅದರ ಉತ್ತರ ನಮಗೆ ಮೊದಲೇ ಗೊತ್ತು, ಆದರೆ ಅವನಿಗೆ ಹೇಳಲು ನಮಗೂ ಬಾಯಿ ಬರುವುದಿಲ್ಲ. ಆ ಕ್ಷಣದಲ್ಲಿ ನಾವೂ ಆ ಅಗ್ರಹಾರದ ದೊಡ್ಡವರ ಸಾಲಿಗೇ ಸೇರಿಬಿಡುತ್ತೇವೆ. ಇದು ಅತ್ಯಂತ ಸೂಕ್ಷ್ಮವಾದ ಏರ್ಪಾಡು. ‘ಅವರೆಂಥ ಕ್ರೂರಿಗಳು’ ಎಂದು ಬೈದು ಎದ್ದುಹೋಗುವ ಅನುಕೂಲವನ್ನು ನಿರ್ದೇಶಕರು ಪ್ರೇಕ್ಷಕನಿಗೆ ಬಿಟ್ಟುಕೊಟ್ಟಿಲ್ಲ.

ಇನ್ನೊಂದು ವಿಚಾರ. ಹುಡುಗ ಅಲ್ಲಿಗೆ ಬಂದಿರುವುದು ಮಂತ್ರ ಕಲಿಯಲು. ಅರ್ಥವನ್ನು ಯಾರೂ ಹೇಳುವುದಿಲ್ಲ. ಸ್ವರ ತಪ್ಪದೆ ಒಪ್ಪಿಸಿದರೆ ಸಾಕು. ಮನೆಯೊಳಗಿನ ಸಂಕಟವನ್ನೂ ಅವನು ಹಾಗೆಯೇ ಬಾಯಿಪಾಠ ಮಾಡಿಕೊಳ್ಳುತ್ತಾನೆ, ಅರ್ಥವಿಲ್ಲದೆ, ಒಂದು ಅಕ್ಷರ ಬಿಡದೆ. ಮುಂದೆಂದೋ ದೊಡ್ಡವನಾದ ಮೇಲೆ ಅರ್ಥ ಹೊಳೆಯಬಹುದು. ಪಾತ್ರ ವಹಿಸಿದ ಬಾಲಕ ಅಜಿತ್ ಕುಮಾರನಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ತೀರ ನ್ಯಾಯವಾದದ್ದು. ಅವನು ನಟಿಸುವುದೇ ಇಲ್ಲ, ಸುಮ್ಮನೆ ನೋಡುತ್ತಾನೆ. ಯಮುನೆಯಾಗಿ ಮೀನಾ ಕುಟ್ಟಪ್ಪ ಮಾತನ್ನು ಎಷ್ಟು ಕಡಿಮೆ ಬಳಸಬಹುದೋ ಅಷ್ಟು ಕಡಿಮೆ ಬಳಸಿದ್ದಾರೆ.

ಕಪ್ಪು ಬಿಳುಪಿನ ವಿಚಾರವಾಗಿ ಎರಡು ಮಾತು. ಆ ಕಾಲದಲ್ಲಿ ಕಡಿಮೆ ಬಂಡವಾಳದವರಿಗೆ ವರ್ಣ ಎಟುಕುತ್ತಿರಲಿಲ್ಲ, ಅದು ನಿಜ. ಆದರೆ ರಾಮಚಂದ್ರ ಬಡತನವನ್ನು ಗುಣವಾಗಿ ಮಾರ್ಪಡಿಸಿದ್ದಾರೆ. ಮಲೆನಾಡನ್ನು ಬಣ್ಣದಲ್ಲಿ ತೆಗೆದಿದ್ದರೆ ಹಸಿರು ನಮ್ಮ ಕಣ್ಣನ್ನು ತಂಪು ಮಾಡಿ ಕಥೆಯನ್ನು ಕೆಡಿಸುತ್ತಿತ್ತು. ದಿಲ್ಲಿಯ ಧೂಳಿನಲ್ಲಿ ಕುಳಿತ ನಾವಂತೂ ಯಮುನೆಯನ್ನು ಮರೆತು ‘ಆಹಾ ನಮ್ಮೂರು’ ಎನ್ನುತ್ತಿದ್ದೆವು. ಇಲ್ಲಿ ಕಾಡು ಎಂದರೆ ಕತ್ತಲು ಮಾತ್ರ. ನಾವು ಬಿ.ಎಸ್ಸಿ. ಓದಿದವರಾದ್ದರಿಂದ ಇದನ್ನೂ ಹೇಳದೆ ಇರಲಾರೆವು: ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಚಿತ್ರವನ್ನು ಹಿಡಿದಿಡುವುದು ಬೆಳ್ಳಿಯ ಕಣಗಳು, ವರ್ಣದ ಫಿಲ್ಮಿನಲ್ಲಿ ರಾಸಾಯನಿಕ ಬಣ್ಣಗಳು. ಬಣ್ಣ ವರ್ಷಗಳು ಕಳೆದಂತೆ ಮಾಸುತ್ತದೆ, ಬೆಳ್ಳಿ ಅಷ್ಟು ಬೇಗ ಸೋಲುವುದಿಲ್ಲ. ಆ ಕಾಲದ ಎಷ್ಟೋ ವರ್ಣಚಿತ್ರಗಳು ಇಂದು ಕೆಂಪಡರಿ ಕುಳಿತಿರುವಾಗ ಯಮುನೆಯ ಮುಖ ಇಷ್ಟು ಸ್ಪಷ್ಟವಾಗಿ ಉಳಿದಿರುವುದರಲ್ಲಿ ಈ ರಸಾಯನಶಾಸ್ತ್ರಕ್ಕೂ ಪಾಲಿದೆ.

ಕಾರಂತರ ಸಂಗೀತವನ್ನು ದಿಲ್ಲಿಯವರಾದ ನಾವು ಮರೆಯುವಂತಿಲ್ಲ. ಚಿತ್ರ ತಯಾರಾದ 1977ರಲ್ಲೇ ಅವರು ಇಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ ಬಂದರು. ರಂಗಗೀತೆಗಳಿಂದ ಪ್ರೇಕ್ಷಕರನ್ನು ಕುಣಿಸಿದ ಮನುಷ್ಯ ಈ ಚಿತ್ರದಲ್ಲಿ ಹಾಡೇ ಇಲ್ಲದೆ ಕೆಲಸ ಮುಗಿಸಿದ್ದಾರೆ. ಹುಡುಗರ ಮಂತ್ರಪಾಠ, ಊರಿನ ಮೌನ, ಆ ಭಯಂಕರ ರಾತ್ರಿಯಲ್ಲಿ ಎಡೆಬಿಡದ ವಾದ್ಯದ ಬಡಿತ; ಹೊರಗೆ ಕತ್ತಲಲ್ಲಿ ಹುಡುಗನೊಬ್ಬನೇ. ಒಳಗೆ ಏನು ನಡೆಯುತ್ತಿದೆಯೆಂದು ತೋರಿಸುವ ಅಗತ್ಯವೇ ಬೀಳುವುದಿಲ್ಲ. ‘ಮಕ್ಕಳೊಡನೆ ಹೇಗೆ ನೋಡುವುದು’ ಎಂದು ಅಂಜುವವರಿಗೆ ಇಲ್ಲೇ ಉತ್ತರವಿದೆ: ಕಣ್ಣು ಮುಚ್ಚಿಕೊಳ್ಳಬೇಕಾದ ದೃಶ್ಯ ಇದರಲ್ಲಿ ಒಂದೂ ಇಲ್ಲ. ಕಿವಿಯ ಮಾತು ಬೇರೆ. ಕಾರಂತರಿಗೂ ಆ ವರ್ಷದ ರಾಷ್ಟ್ರಪ್ರಶಸ್ತಿ ಬಂದಿತು.

ಈಗ ‘ಶಾಸ್ತ್ರಕ್ಕೆ ಅವಮಾನ’ ಎನ್ನುವವರ ಮಾತಿಗೆ ಬರೋಣ. ಈ ಆಕ್ಷೇಪವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೇಳುವವರು ನಮ್ಮ ಗೌರವಕ್ಕೆ ಪಾತ್ರರಾದವರೇ. ಆದರೆ ಶಾಸ್ತ್ರದ ಪುಸ್ತಕವನ್ನು ತೆರೆದೇ ನೋಡಬಹುದಲ್ಲ. ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿ ಪತಿತರಾದವರಿಗೆ ಬಂಧುಗಳು ಬದುಕಿರುವಾಗಲೇ ಸತ್ತವರಿಗೆಂಬಂತೆ ನೀರು ಬಿಟ್ಟು, ತುಂಬಿದ ಕೊಡವನ್ನು ದಾಸಿಯ ಕಾಲಿನಿಂದ ಉರುಳಿಸುವ ವಿಧಿ ಇದೆ. ಇದು ಎಲ್ಲರಿಗೂ ಗೊತ್ತು. ಮುಂದಿನ ಭಾಗ ಅಷ್ಟಾಗಿ ಗೊತ್ತಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡವರೊಡನೆ ಬಂಧುಗಳು ಪುಣ್ಯಜಲದಲ್ಲಿ ಕೂಡಿ ಮಿಂದು, ಹೊಸ ಕೊಡವೊಂದನ್ನು ನೀರಿಗೆ ಬಿಟ್ಟು, ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದೂ ಅಲ್ಲೇ ಹೇಳಿದೆ. ಹೆಂಗಸರ ವಿಷಯದಲ್ಲಿ ಇನ್ನೂ ಒಂದು ಮಾತು: ಪತಿತಳಾದರೂ ಆಕೆಗೆ ಅನ್ನ, ನೀರು, ಬಟ್ಟೆ ಕೊಡಬೇಕು, ಮನೆಯ ಹತ್ತಿರವೇ ಇರಗೊಡಬೇಕು. ಮನುವಿನ ಕಟ್ಟಳೆಗಳನ್ನು ಸಮರ್ಥಿಸುವ ಇಚ್ಛೆ ನಮಗಿಲ್ಲ. ಆದರೆ ಯಮುನೆಯ ಅಗ್ರಹಾರ ಶಾಸ್ತ್ರದ ಮೊದಲರ್ಧವನ್ನು ಕಂಠಪಾಠ ಮಾಡಿ ಎರಡನೆಯರ್ಧವನ್ನು ನುಂಗಿಕೊಂಡಿತು. ಒಡೆಯುವ ಕೊಡಕ್ಕೆ ನೂರು ಕೈ ಬಂದವು, ಹೊಸ ಕೊಡ ತರಲು ಒಬ್ಬರೂ ಇಲ್ಲ. ಉಡುಪರು ಕಟುಕರಲ್ಲ; ಮಗಳ ಮೇಲೆ ಪ್ರೀತಿಯಿದ್ದವರೇ. ಓದಿದ್ದೆಲ್ಲ ಇದ್ದೂ, ಬೇಕಾದ ಹೊತ್ತಿಗೆ ಆ ಎರಡನೆಯರ್ಧ ಅವರ ನೆನಪಿಗೆ ಬರಲಿಲ್ಲ ಎಂಬುದೇ ದುರಂತ.

‘ಮುಗಿದುಹೋದ ಕಥೆ’ ಎನ್ನುವವರಿಗೆ ನಮ್ಮ ಮಗಳು ಕೇಳಿದ ಪ್ರಶ್ನೆಯನ್ನು ಒಪ್ಪಿಸುತ್ತೇವೆ. ಆಕೆ ಹುಟ್ಟಿದ್ದು ಬೆಳೆದದ್ದು ದಿಲ್ಲಿಯಲ್ಲಿ. ಕನ್ನಡ ಮಾತನಾಡುತ್ತಾಳೆ, ಓದಲು ತಡವರಿಸುತ್ತಾಳೆ. ಚಿತ್ರ ಮುಗಿದ ಮೇಲೆ, ‘ಅವಳು ಬಸ್ಸು ಹತ್ತಿ ಬೇರೆ ಊರಿಗೆ ಹೋಗಬಹುದಿತ್ತಲ್ಲ, ಯಾಕೆ ಹೋಗಲಿಲ್ಲ?’ ಎಂದಳು. ಹತ್ತುವುದೇನೋ ಸರಿ, ಇಳಿಯುವುದೆಲ್ಲಿ? ಕೈಯಲ್ಲಿ ಕಾಸಿಲ್ಲ, ಹೇಳಿಕೊಳ್ಳಲು ಕೆಲಸವಿಲ್ಲ, ತವರೇ ಹೊರಗೆ ಹಾಕಿದ ಮೇಲೆ ಬಾಗಿಲು ತೆರೆಯುವ ಮನೆ ಯಾವುದು? ಬಸ್ಸು, ರೈಲು, ಸರ್ಕಾರಿ ನೌಕರಿ ಎಲ್ಲ ಇದ್ದದ್ದು ನಾಣಿಗಳಿಗೆ. ಅವರು ತಂದೆಯ ಕೈ ಹಿಡಿದು ಆ ಊರಿನಿಂದ ಹೊರಟರು, ಓದಿದರು, ಪರೀಕ್ಷೆ ಕಟ್ಟಿದರು, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಬಂದು ಸರೋಜಿನಿ ನಗರ, ರಾಮಕೃಷ್ಣಪುರಗಳ ಕ್ವಾರ್ಟರ್ಸುಗಳಲ್ಲಿ ಇಳಿದರು. ಆಮೇಲೆ ಅವರ ಮಕ್ಕಳು ದ್ವಾರಕಾ, ನೋಯ್ಡಾ, ಗುರುಗ್ರಾಮ ಎಂದು ಹರಡಿಕೊಂಡರು. ಮರದ ಕೆಳಗೆ ಕುಳಿತವಳು ಅಲ್ಲೇ ಉಳಿದಳು.

ನಮ್ಮ ತಂದೆಯವರ ಉಪನಯನದ ಪಟವೊಂದು ಊರಿನಿಂದ ಬಂದು ಈಗ ನಮ್ಮ ಮನೆಯ ಗೋಡೆಯಲ್ಲಿದೆ. ಇಪ್ಪತ್ತಮೂರು ಜನ ಸಾಲಾಗಿ ನಿಂತಿದ್ದಾರೆ. ಆ ಇಪ್ಪತ್ತಮೂರು ಜನಕ್ಕೂ ಅಡಿಗೆ ಮಾಡಿ ಬಡಿಸಿದ ಒಬ್ಬರು ಮಾತ್ರ ಪಟದಲ್ಲಿಲ್ಲ. ಅವರು ಹದಿನಾಲ್ಕಕ್ಕೆ ವಿಧವೆಯಾದವರು. ಕೆಂಪು ಸೀರೆ, ಬೋಳು ತಲೆ. ಮನೆಯಲ್ಲಿ ಎಲ್ಲರೂ ‘ಮಡಿ ಅಜ್ಜಿ’ ಎನ್ನುತ್ತಿದ್ದರು. ಚಿತ್ರ ನೋಡಿದ ರಾತ್ರಿ ಅವರ ಹೆಸರೇನೆಂದು ತಂದೆಯವರನ್ನು ಕೇಳಿದೆವು. ಹೇಳಿದರು, ಆದರೆ ಹೇಳುವುದಕ್ಕೆ ಮೊದಲು ಸ್ವಲ್ಪ ಹೊತ್ತು ಯೋಚಿಸಬೇಕಾಯಿತು.

ಈಚೆಗೆ ನಮ್ಮ ಮನೆಗಳ ಮಕ್ಕಳೆಲ್ಲ ಕೊರಿಯಾದ ಧಾರಾವಾಹಿಗಳ ಹುಚ್ಚಿಗೆ ಬಿದ್ದಿದ್ದಾರೆ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದುತ್ತ ಗಂಟೆಗಟ್ಟಲೆ ನೋಡುತ್ತಾರೆ. ಅದೇ ಅಭ್ಯಾಸ ಕನ್ನಡದ ಹಳೆಯ ಚಿತ್ರಕ್ಕೂ ಒದಗಬಾರದೇಕೆ? ಮಗಳ ಒತ್ತಾಯಕ್ಕೆ ನಾವೂ ಒಂದು ಕೊರಿಯನ್ ಚಿತ್ರ ನೋಡಿದೆವು. ಕಿಮ್ ಕಿ-ಯಂಗ್ ನಿರ್ದೇಶಿಸಿದ 1960ರ ‘ಹೌಸ್‌ಮೇಡ್’, ಅಂದರೆ ಮನೆಗೆಲಸದಾಕೆ. ಅದೂ ಕಪ್ಪು ಬಿಳುಪು. ಅದರ ಭಾಗ್ಯವೂ ನಮ್ಮ ಚಿತ್ರದ ಹಾಗೆಯೇ: ನೆಗೆಟಿವ್‌ನಲ್ಲಿ ಎರಡು ರೀಲು ಕಾಣೆಯಾಗಿ, ಕೈಯಲ್ಲಿ ಇಂಗ್ಲಿಷ್ ಅಕ್ಷರ ಬರೆದಿದ್ದ ಹಳೆಯ ಪ್ರತಿಯೊಂದರಿಂದ ಆ ಭಾಗವನ್ನು ತುಂಬಿ, 2008ರಲ್ಲಿ ಸ್ಕಾರ್ಸೇಸಿಯವರ ಅದೇ ಸಂಸ್ಥೆಯ ನೆರವಿನಿಂದ ಕೊರಿಯಾದ ಚಿತ್ರಭಂಡಾರ ಅದನ್ನು ಉಳಿಸಿಕೊಂಡಿತು.

ಅಲ್ಲಿಯೂ ಒಬ್ಬ ಮೇಷ್ಟರಿದ್ದಾನೆ, ಸಂಗೀತದ ಮೇಷ್ಟರು. ಹೆಂಡತಿ ಹೊಲಿಗೆ ಯಂತ್ರ ತುಳಿದು ಕೂಡಿಟ್ಟ ದುಡ್ಡಿನಲ್ಲಿ ಎರಡಂತಸ್ತಿನ ಹೊಸ ಮನೆ ಎದ್ದಿದೆ. ಕೆಲಸದ ಹುಡುಗಿ ಅವನಿಂದ ಬಸುರಾಗುತ್ತಾಳೆ. ಮನೆಯ ಮಾನ ಉಳಿಸಲು ಹೆಂಡತಿಯೇ ಆಕೆಯನ್ನು ಒಪ್ಪಿಸಿ ಮೆಟ್ಟಿಲಿನಿಂದ ಬೀಳುವಂತೆ ಮಾಡಿ ಗರ್ಭ ಇಳಿಸುತ್ತಾಳೆ. ಭಾಷೆ ಬೇರೆ, ಊಟ ಬೇರೆ, ದೇವರು ಬೇರೆ. ಲೆಕ್ಕ ಮಾತ್ರ ಅದೇ ಲೆಕ್ಕ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಕೊರಿಯಾದ ಹುಡುಗಿ ಸುಮ್ಮನಿರುವುದಿಲ್ಲ. ಇಲಿಪಾಷಾಣ ಕೈಗೆ ತೆಗೆದುಕೊಂಡು ಇಡೀ ಮನೆಯನ್ನು ಗಡಗಡ ನಡುಗಿಸುತ್ತಾಳೆ. ನೋಡುತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಕೊನೆಯಲ್ಲಿ ಆ ಗಂಡ ನೇರವಾಗಿ ಪ್ರೇಕ್ಷಕರ ಕಡೆ ತಿರುಗಿ, ನಗುತ್ತ, ‘ಗಂಡಸರಿಗೆ ಇಂಥದ್ದು ಆಗಿಬಿಡಬಹುದು, ಎಚ್ಚರ’ ಎಂಬರ್ಥದ ಮಾತಾಡುತ್ತಾನೆ. ನಾವೂ ನಕ್ಕು ಎದ್ದು ಕಾಫಿಗೆ ಹೋಗಬಹುದು. ‘ಘಟಶ್ರಾದ್ಧ’ ನಮಗೆ ಹಾಗೆ ಎದ್ದು ಹೋಗಲು ಬಿಡುವುದಿಲ್ಲ. ರೋಮಾಂಚನದಲ್ಲಿ ಕೊರಿಯಾದ್ದೇ ಮೇಲು. ಮನಸ್ಸಿನಲ್ಲಿ ಉಳಿಯುವುದರಲ್ಲಿ ನಮ್ಮದು ಮೇಲು ಎಂದು ನಮ್ಮ ಅಭಿಪ್ರಾಯ. ಸ್ವಭಾಷಾಭಿಮಾನದಿಂದ ಹೇಳುತ್ತಿದ್ದೇವೆ ಎನ್ನುವವರು ಎರಡನ್ನೂ ನೋಡಿ ಬರೆಯಲಿ.

ಕುಂದುಗಳೇ ಇಲ್ಲವೆಂದಲ್ಲ. ಮಾಸ್ತರನ ಪಾತ್ರ ತೀರ ತೆಳು. ಬರುತ್ತಾನೆ, ಬೆವರುತ್ತಾನೆ, ಓಡಿಹೋಗುತ್ತಾನೆ. ಹುಡುಗನಿಗೆ ಕಂಡದ್ದು ಅಷ್ಟೇ ಎಂದು ಸಮಾಧಾನ ಹೇಳಬಹುದಾದರೂ, ಹೊಸ ವಿದ್ಯೆ ಕಲಿತು ಹಳೆಯ ಭಯ ಬಿಡದ ಆ ಮನುಷ್ಯ ಇನ್ನಷ್ಟು ಹೊತ್ತು ನಮ್ಮ ಮುಂದೆ ನಿಲ್ಲಬೇಕಿತ್ತು. ಗುಮಾಸ್ತೆಗಳಾದ ನಮಗೆ ಅವನ ಗುರುತು ಚೆನ್ನಾಗಿಯೇ ಸಿಗುತ್ತದೆ. ಶಾಸ್ತ್ರಿಯ ಕಿರುಕುಳ ಒಂದೆರಡು ಕಡೆ ಅತಿಯಾಯಿತು. ಇದಕ್ಕಿಂತ ದೊಡ್ಡ ದೂರು ನಮ್ಮ ಮನೆಯವರದು: ‘ಯಮುನೆಗೆ ಏನನ್ನಿಸಿತು ಅಂತ ಯಾರೂ ಕೇಳಲೇ ಇಲ್ಲವಲ್ಲ. ಊರಿನವರೂ ಕೇಳಲಿಲ್ಲ, ಚಿತ್ರ ತೆಗೆದವರೂ ಕೇಳಲಿಲ್ಲ.’ ಈ ಮಾತಿಗೆ ನಮ್ಮ ಬಳಿ ಪೂರ್ತಿ ಉತ್ತರವಿಲ್ಲ. ಆಕೆ ಹೊರಗಿನಿಂದ ಕಾಣುವುದರಿಂದಲೇ ನಾಣಿಯ ದೃಷ್ಟಿಗೆ ಬಲ ಬಂದಿದೆ, ಸರಿ. ಬೆಲೆ ತೆತ್ತವಳು ಮಾತ್ರ ಮತ್ತೆ ಯಮುನೆಯೇ. ಈ ಕೊರತೆ ಕಾಡುವವರು ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತ್ ತೆಗೆದ ‘ಫಣಿಯಮ್ಮ’ವನ್ನು (1983) ಇದರ ಬೆನ್ನಿಗೇ ನೋಡಬೇಕು. ಅಲ್ಲಿ ಎಳೆಯ ವಿಧವೆಯೊಬ್ಬಳು ತಲೆ ಬೋಳಿಸಲು ಒಪ್ಪುವುದಿಲ್ಲ, ಬೋಳಿಸಿಕೊಂಡೇ ಮುದುಕಿಯಾದ ಫಣಿಯಮ್ಮ ಆಕೆಯ ಪರ ನಿಲ್ಲುತ್ತಾಳೆ.

ಇದೇ ಕಥೆಯನ್ನು ಅರುಣ್ ಕೌಲ್ 1991ರಲ್ಲಿ ‘ದೀಕ್ಷಾ’ ಎಂದು ಹಿಂದಿಗೆ ತಂದರು, ನಾನಾ ಪಾಟೇಕರ್, ಮನೋಹರ್ ಸಿಂಗ್ ಅಂಥವರನ್ನು ಇಟ್ಟುಕೊಂಡು. ಆದ್ದರಿಂದ ‘ಉತ್ತರದವರ ಮುಂದೆ’ ಎಂಬ ಸಂಕೋಚಕ್ಕೆ ಈಗ ಅರ್ಥವಿಲ್ಲ. ಅವರು ಆಗಲೇ ನೋಡಿದ್ದಾರೆ, ನೋಡದಿರುವವರು ನಾವು. ನೆರೆಮನೆಯ ಶರ್ಮಾಜಿ ಚಿತ್ರ ನೋಡಿ ‘ಇದು ನಮ್ಮ ಮಥುರಾ ಕಡೆಯ ಕಥೆಯಲ್ಲವೆ?’ ಎಂದು ಕೇಳಿದರೆ ಆಶ್ಚರ್ಯಪಡಬೇಕಿಲ್ಲ.

ಸಂಘದ ಕಾರ್ಯದರ್ಶಿಗಳಿಗೆ ಒಂದು ಸಲಹೆ. ಯುಗಾದಿ, ರಾಜ್ಯೋತ್ಸವಗಳಿಗೆ ಇದನ್ನು ಇಡುವುದು ಬೇಡ. ಹೆಸರಿನ ಅಂಜಿಕೆಯೂ ಒಂದು ನಿಜವೇ. ಮಾಮೂಲು ಶನಿವಾರವೊಂದು ಸಾಕು. ಮಕ್ಕಳು ಮುಂದಿನ ಸಾಲಿನಲ್ಲಿ ಕೂರಲಿ, ಅವರ ಕಣ್ಣಿನೆತ್ತರಕ್ಕೇ ಇದು ತೆಗೆದದ್ದು. ಕತ್ತರಿಸಿ ಗಿಡ್ಡ ಮಾಡಿ ತೋರಿಸಬಾರದು. ಊಟ ಮೊದಲೇ ಆಗಿಬಿಡಲಿ, ಆಮೇಲೆ ಇಟ್ಟರೆ ಯಾರಿಗೂ ಸೇರದು. ಕಾಸರವಳ್ಳಿಯವರ ‘ತಬರನ ಕಥೆ’ಯನ್ನೂ ಅದೇ ದಿನ ಹಾಕೋಣವೆ ಎಂದು ಒಬ್ಬರು ಕೇಳಿದ್ದಾರೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನನ ಕಥೆ ಅದು. ನಮ್ಮ ಸದಸ್ಯರಲ್ಲಿ ಅರ್ಧಕ್ಕರ್ಧ ಜನ ಮೇಜಿನ ಈಚೆ ಕುಳಿತು ಫೈಲು ನೂಕುವವರಾದ್ದರಿಂದ, ಅದಕ್ಕೆ ಇನ್ನೊಂದು ಶನಿವಾರ ಬೇಕಾಗುತ್ತದೆ.